ಶಾಲೆಯಲ್ಲಿ ಪೋಲಾಗುವ ಕಾಗದದ ಲೆಕ್ಕ ಇಡುವುದು ಹೇಗೆ?

ಪ್ರಶ್ನೆ: ನಾನು ವಿರಾಜಪೇಟೆ ಹತ್ತಿರದ ಶಾಲೆಯೊಂದರಲ್ಲಿ 9ನೇ ತರಗತಿ ಓದುತ್ತಿದ್ದೇನೆ. ನಮ್ಮ ಶಾಲೆಯಲ್ಲಿ ಎಷ್ಟು ಕಾಗದ ಪೋಲಾಗುತ್ತದೆ ಅಂತ ಲೆಕ್ಕ ಇಡಬೇಕು. ತೂಕದ ಯಂತ್ರ ಇಲ್ಲ. ಹೇಗೆ ಶುರು ಮಾಡಲಿ? ಕೊನೆಗೆ ಇಷ್ಟು ಮರ ಉಳಿಸಬಹುದು ಅಂತ ಚಾರ್ಟ್ ಹಾಕಬಹುದಾ?

ಉತ್ತರ:

ತೂಕದ ಯಂತ್ರ ಬೇಡವೇ ಬೇಡ. ಹಾಳೆ ಎಣಿಸು. ಅದರಲ್ಲೂ ಬರೆಯದೆ ಉಳಿದ ಮಗ್ಗುಲು ಎಷ್ಟು ಅಂತ ಎಣಿಸು.

ನಾನು ಸೋಮವಾರಪೇಟೆ ಕಡೆಯ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಇಕೋ ಕ್ಲಬ್ ಮಕ್ಕಳು ಈ ಲೆಕ್ಕ ಇಡುತ್ತಾರೆ. ನಿನಗೂ ಅವರದೇ ವಯಸ್ಸು, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ತೂಕ ಯಾಕೆ ಬೇಡ ಅಂದರೆ, ನಮ್ಮ ಕೊಡಗಿನ ಮಳೆ. ಕಾಗದ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಒಣ ಹವೆಯಲ್ಲಿ 100 ಗ್ರಾಂ ಕಾಗದದೊಳಗೆ ಸುಮಾರು 5 ಗ್ರಾಂ ನೀರಿರುತ್ತದೆ. ಜುಲೈ ಥಂಡಿಯಲ್ಲಿ ಅದು 10 ಗ್ರಾಂ ಮುಟ್ಟಬಹುದು. ಪುಸ್ತಕದ ಹಾಳೆ ಮೆತ್ತಗಾಗುವುದನ್ನು ನೀನೂ ನೋಡಿರುತ್ತೀಯ, ಅಲ್ವಾ? ಇನ್ನು ಬುಟ್ಟಿಯ ಪಕ್ಕ ಒದ್ದೆ ಕೊಡೆ ಇಟ್ಟರೆ ಕೇಳುವುದೇ ಬೇಡ. ಅದೇ ಬುಟ್ಟಿಯನ್ನು ಫೆಬ್ರವರಿಯಲ್ಲಿ ತೂಗಿದರೆ ಹಗುರ. ಪೋಲು ಕಡಿಮೆಯಾಯಿತು ಅಂತ ಎಲ್ಲರೂ ಖುಷಿಪಡುತ್ತಾರೆ. ಕಡಿಮೆಯಾದದ್ದು ನೀರು.

ವರದಿಯಲ್ಲಿ ಕೆಜಿ ಬರಬೇಕು ಅಂತ ಟೀಚರ್ ಹೇಳಿದರೆ, ಹಾಳೆಯಿಂದಲೇ ಅದನ್ನು ತೆಗೆಯಬಹುದು. ಎ0 ಅನ್ನುವ ದೊಡ್ಡ ಹಾಳೆ 1 ಚದರ ಮೀಟರ್ ಇರುತ್ತದೆ. ಅದನ್ನು ನಾಲ್ಕು ಸಲ ಅರ್ಧರ್ಧ ಮಾಡಿದರೆ ಎ4. ಅಂದರೆ 16ರಲ್ಲಿ ಒಂದು ಪಾಲು. ಕಾಗದದ ಬಂಡಲ್ ಮೇಲೆ 75 ಜಿಎಸ್‌ಎಂ ಅಂತ ಬರೆದಿದ್ದರೆ, ಒಂದು ಚದರ ಮೀಟರಿಗೆ 75 ಗ್ರಾಂ. ಅದನ್ನು 16ರಿಂದ ಭಾಗಿಸಿದರೆ ಒಂದು ಹಾಳೆಗೆ ಸುಮಾರು 4.7 ಗ್ರಾಂ. 500 ಹಾಳೆಯ ಬಂಡಲ್‌ಗೆ 2.3 ಕೆಜಿಗಿಂತ ಸ್ವಲ್ಪ ಜಾಸ್ತಿ. ನೋಟ್‌ಬುಕ್ ಹಾಳೆ ಇದಕ್ಕಿಂತ ತೆಳು. ಅದರ ಜಿಎಸ್‌ಎಂ ಕೆಲವು ಪುಸ್ತಕಗಳ ರಟ್ಟಿನ ಮೇಲೆ ಸಿಗುತ್ತದೆ.

ಈಗ ರಿಜಿಸ್ಟರ್. ಒಂದು ಹಳೇ ನೋಟ್‌ಬುಕ್‌ನಲ್ಲಿ ಗೆರೆ ಎಳೆದುಕೋ. ಎರಡೂ ಮಗ್ಗುಲು ಬರೆದ ಹಾಳೆ, ಒಂದೇ ಮಗ್ಗುಲು ಬರೆದದ್ದು, ಪೂರ್ತಿ ಖಾಲಿ ಇದ್ದದ್ದು, ಮಳೆಗೆ ನೆನೆದು ಹಾಳಾದದ್ದು. ಕೊನೆಗೆ ಗುಜರಿಯವರು ಬೇಡ ಅನ್ನುವಂಥದ್ದು: ಎಣ್ಣೆ ತಿಂಡಿ ಕಟ್ಟಿದ ಕಾಗದ, ಲ್ಯಾಮಿನೇಶನ್ ಮಾಡಿದ್ದು, ಮಿಂಚಿನ ಪುಡಿ ಅಂಟಿಸಿದ ಚಾರ್ಟ್. ಎರಡೂ ಮಗ್ಗುಲು ಬರೆದ ಹಾಳೆಯನ್ನು ನಾನು ಪೋಲು ಅನ್ನುವುದೇ ಇಲ್ಲ. ಅದು ತನ್ನ ಕೆಲಸ ಮುಗಿಸಿದೆ. ಎಲ್ಲವನ್ನೂ ಒಟ್ಟು ಸೇರಿಸಿ ಅಬ್ಬಾ ಎಷ್ಟೊಂದು ಅಂದರೆ ಯಾರಿಗೂ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಒಂದೇ ಮಗ್ಗುಲು ಬರೆದದ್ದು ಎಷ್ಟು, ಖಾಲಿ ಎಷ್ಟು ಅಂತ ಗೊತ್ತಾದರೆ ದಾರಿ ಕಾಣುತ್ತದೆ.

ವಾರಕ್ಕೆ ಇಷ್ಟು ಅಂತ ಹೋಲಿಸಬೇಡ. ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ಆಮೇಲೆ ಆ ಪಾಠವನ್ನು ಬೇರೆ ದಿನ ತುಂಬಿಸುತ್ತಾರೆ. ಹಾಗಾಗಿ ಆ ದಿನ ಎಷ್ಟು ಮಕ್ಕಳು ಬಂದಿದ್ದರು ಅಂತ ಹಾಜರಿಯಿಂದ ಬರೆದುಕೊಂಡು, ಒಬ್ಬರಿಗೆ ಎಷ್ಟು ಹಾಳೆ ಅಂತ ಭಾಗಿಸು.

ಇನ್ನೊಂದು ವಿಷಯ ಗಮನಿಸಬೇಕು. ಸಂಜೆ ಎಣಿಸೋಣ ಅಂತ ಹೋದರೆ ಬುಟ್ಟಿ ಖಾಲಿ ಇರಬಹುದು. ಮಳೆಗಾಲದಲ್ಲಿ ಸೌದೆ ಹಸಿ. ಬಚ್ಚಲ ಒಲೆ ಹಚ್ಚಲು ಕಾಗದ ಸಿಕ್ಕರೆ ಯಾರು ಬಿಡುತ್ತಾರೆ? ಶಾಲೆ ಗುಡಿಸುವ ಅಕ್ಕ ಅದನ್ನು ಮನೆಗೆ ಒಯ್ಯುತ್ತಿದ್ದರೆ ಅದನ್ನು ತಪ್ಪು ಅಂತ ನೋಡಬೇಡ, ದೂರು ಹೇಳಬೇಡ. ಮೊದಲೇ ಹೋಗಿ ಮಾತಾಡು. 'ಅಕ್ಕ, ನಾವು ಎಣಿಸಿದ ಮೇಲೆ ತಗೊಳ್ಳಿ' ಅಂದರೆ ಸಾಕು. ಯಾವ ಕೋಣೆಯಲ್ಲಿ ಯಾವಾಗ ಕಸ ಜಾಸ್ತಿ ಅಂತ ಅವರಷ್ಟು ಚೆನ್ನಾಗಿ ಹೆಡ್‌ಮಾಸ್ಟರಿಗೂ ಗೊತ್ತಿರುವುದಿಲ್ಲ. ಅವರು ಹೇಳಿದ್ದನ್ನೂ ಬರೆದುಕೋ.

ಆದರೆ ನಿಜವಾದ ಪೋಲು ಬುಟ್ಟಿಯಲ್ಲಿ ಇರುವುದಿಲ್ಲ. ಅದು ಮಾರ್ಚ್ ತಿಂಗಳಲ್ಲಿ ಮಕ್ಕಳ ಬ್ಯಾಗಿನಲ್ಲಿ ಇರುತ್ತದೆ. ವರ್ಷ ಮುಗಿದಾಗ ಪ್ರತಿ ನೋಟ್‌ಬುಕ್‌ನ ಕೊನೆಯಲ್ಲಿ ಖಾಲಿ ಹಾಳೆ ಉಳಿದಿರುತ್ತದೆ. ಉದಾಹರಣೆಗೆ ಒಂದು ಲೆಕ್ಕ ನೋಡು. ತರಗತಿಯಲ್ಲಿ 40 ಮಕ್ಕಳು, ಒಬ್ಬೊಬ್ಬರಿಗೆ 8 ಪುಸ್ತಕ, ಒಂದೊಂದರಲ್ಲಿ 15 ಖಾಲಿ ಹಾಳೆ. ಒಟ್ಟು 4,800 ಹಾಳೆ. 200 ಪುಟದ ಪುಸ್ತಕದಲ್ಲಿ ಇರುವುದು 100 ಹಾಳೆ. ಅಂದರೆ 48 ಹೊಸ ಪುಸ್ತಕ ಒಂದೇ ತರಗತಿಯಿಂದ ಗುಜರಿಗೆ ಹೋಯಿತು. ನಿನ್ನ ತರಗತಿಯ ಸಂಖ್ಯೆ ಬೇರೆ ಇರುತ್ತದೆ. ಎಣಿಸಿ ನೋಡು. ಇದನ್ನು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಮಕ್ಕಳಿಗೆ ಜೂನ್ ತಿಂಗಳ ಪುಸ್ತಕದ ಖರ್ಚು ಸಣ್ಣದಲ್ಲ.

ನಮ್ಮ ಮಕ್ಕಳು ಆ ಹಾಳೆಗಳನ್ನು ಜೋಪಾನವಾಗಿ ಬಿಡಿಸಿ, ಒಂದೇ ಅಳತೆಯವನ್ನು ಜೋಡಿಸಿ, ದಬ್ಬಣ ಮತ್ತು ಹುರಿಯಿಂದ ಹೊಲಿದು ರಫ್ ಬುಕ್ ಮಾಡುತ್ತಾರೆ. ಕಾಫಿ ಚೀಲ ಹೊಲಿಯುವ ದಬ್ಬಣ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇರುತ್ತದೆ. ಹಳೇ ಕ್ಯಾಲೆಂಡರ್ ರಟ್ಟು ಹಾಕಿದರೆ ಗಟ್ಟಿಯಾಗುತ್ತದೆ. ಜೂನ್‌ನಲ್ಲಿ ಹಂಚುವಾಗ ಎಲ್ಲ ಮಕ್ಕಳಿಗೂ ಒಂದೊಂದು ಕೊಡಬೇಕು. ಬೇಕಾದವರು ಕೈ ಎತ್ತಿ ಅಂತ ಕೇಳಬಾರದು. ನಿಜವಾಗಿ ಬೇಕಾದ ಮಗು ಕೈ ಎತ್ತುವುದೇ ಇಲ್ಲ.

ಆಫೀಸು ಮತ್ತು ಸ್ಟಾಫ್ ರೂಮಿನ ಲೆಕ್ಕ ಸುಲಭ. ಎಷ್ಟು ಬಂಡಲ್ ತಂದರು ಅಂತ ಕೇಳಿದರೆ ಆಯಿತು. ಅಲ್ಲಿ ಕೇಳಬೇಕಾದದ್ದು ಒಂದೇ: ಪ್ರಶ್ನೆಪತ್ರಿಕೆ, ಸುತ್ತೋಲೆಗಳನ್ನು ಎರಡೂ ಮಗ್ಗುಲಿಗೆ ಜೆರಾಕ್ಸ್ ಮಾಡಿಸಬಹುದಾ? ಮಕ್ಕಳ ಉತ್ತರ ಪತ್ರಿಕೆಗಳನ್ನು ಮಾತ್ರ ಕೇಳದೆ ಮುಟ್ಟಬೇಡ. ಅವು ಶಾಲೆಯ ದಾಖಲೆ. ಅದರಲ್ಲಿ ಇನ್ನೊಬ್ಬರ ಅಂಕಗಳೂ ಇರುತ್ತವೆ.

ಮರದ ಚಾರ್ಟ್ ವಿಷಯಕ್ಕೆ ಬರುತ್ತೇನೆ. ಅದನ್ನು ಹಾಕಬೇಡ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ದೇಶದಲ್ಲಿ ಕಾಗದದ ದೊಡ್ಡ ಪಾಲು ಬರುವುದು ಹಳೇ ಕಾಗದದಿಂದಲೇ. ಸ್ವಲ್ಪ ಕಬ್ಬಿನ ಸಿಪ್ಪೆ, ಗೋಧಿ ಹುಲ್ಲಿನಿಂದ. ಮರ ಅಂದರೆ ಹೆಚ್ಚಾಗಿ ನೀಲಗಿರಿ, ಸರ್ವೆ, ಸುಬಾಬುಲ್‌ನಂಥ ನೆಟ್ಟು ಬೆಳೆಸಿದ ಮರ, ಜೊತೆಗೆ ಬಿದಿರು. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಾಗದ ಕಾರ್ಖಾನೆಗೂ ಮಲೆನಾಡಿನಲ್ಲಿ ಅಕೇಶಿಯಾ, ನೀಲಗಿರಿ ನೆಟ್ಟಿದ್ದರು. ಹಾಗಿರುವಾಗ ನಿನ್ನ ಶಾಲೆಯ ಹಾಳೆಗೆ ಎಷ್ಟು ಮರ ಅಂತ ಹೇಳಲು ನಿನ್ನ ಹತ್ತಿರ ಆಧಾರ ಇಲ್ಲ. ಹಾಳೆ ಎಷ್ಟು, ಅದರ ಬೆಲೆ ಎಷ್ಟು ರೂಪಾಯಿ ಅಂತ ಬರೆ. ಅದು ನೀನೇ ಎಣಿಸಿದ್ದು. ಯಾರು ಪ್ರಶ್ನೆ ಕೇಳಿದರೂ ನಿಂತು ಉತ್ತರ ಹೇಳಬಹುದು.

ಗುಜರಿಗೆ ಕೊಟ್ಟರೆ ಮರುಬಳಕೆ ಆಗುತ್ತದಲ್ಲ ಅಂತ ಯಾರಾದರೂ ಕೇಳುತ್ತಾರೆ. ಕೊಡಲಿ, ಸುಡುವುದಕ್ಕಿಂತ ಎಷ್ಟೋ ಮೇಲು. ಆದರೆ ಕಾಗದದ ನಾರು ಪ್ರತಿ ಸಲವೂ ಗಿಡ್ಡವಾಗುತ್ತದೆ. ಐದಾರು ಸಲಕ್ಕಿಂತ ಹೆಚ್ಚು ಬಾಳುವುದು ಕಷ್ಟ. ಮೇಲಾಗಿ ನಮ್ಮ ಜಿಲ್ಲೆಯಲ್ಲಿ ರೈಲು ಇಲ್ಲ. ಗುಜರಿಯೆಲ್ಲ ಲಾರಿಯಲ್ಲೇ ಕೆಳಗಿಳಿಯಬೇಕು. ಖಾಲಿ ಹಾಳೆಯನ್ನು ಅಷ್ಟು ದೂರ ಕಳಿಸಿ ಮತ್ತೆ ಕಾಗದ ಮಾಡಿಸುವುದು ಯಾಕೆ? ಇಲ್ಲೇ ಬರೆದು ಮುಗಿಸಬಹುದು.

ಲೆಕ್ಕ ಹಾಕಿದ ಮೇಲೆ ಗೋಡೆಗೆ ಅಂಟಿಸುವಾಗ ತರಗತಿಯ ಹೆಸರು ಹಾಕಬೇಡ. 8ನೇ ಬಿ ಸೆಕ್ಷನ್ ಎಲ್ಲಕ್ಕಿಂತ ಜಾಸ್ತಿ ಅಂತ ಬರೆದರೆ ಮಾರನೇ ದಿನದಿಂದ ಅವರ ಕಾಗದ ಬುಟ್ಟಿಗೇ ಬೀಳುವುದಿಲ್ಲ. ಕಿಟಕಿಯ ಆಚೆ ಹೋಗುತ್ತದೆ. ಇಡೀ ಶಾಲೆಯ ಲೆಕ್ಕ ಹಾಕು.

ಈ ಕೆಲಸವನ್ನು ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೂ ಒಯ್ಯಬಹುದು. 1993ರಿಂದ ನಡೆಯುತ್ತಿದೆ, 10ರಿಂದ 17 ವರ್ಷದ ಮಕ್ಕಳಿಗೆ. ತಮ್ಮ ಊರಿನ ಸಮಸ್ಯೆಯನ್ನು ತಾವೇ ಅಳೆದು ನೋಡಿದ ಕೆಲಸಕ್ಕೆ ಅಲ್ಲಿ ಬೆಲೆ ಇದೆ. ನಿಮ್ಮ ವಿಜ್ಞಾನ ಟೀಚರ್ ಹತ್ತಿರ ಕೇಳು.

ಬುಟ್ಟಿಯ ಲೆಕ್ಕ ನಾಳೆಯೇ ಶುರು ಮಾಡಬಹುದು. ನೋಟ್‌ಬುಕ್ ಲೆಕ್ಕಕ್ಕೆ ಮಾತ್ರ ವಾರ್ಷಿಕ ಪರೀಕ್ಷೆಗೆ ಮೊದಲೇ ಹೆಡ್‌ಮಾಸ್ಟರ್ ಒಪ್ಪಿಗೆ ತಗೋ. ಕೊನೆಯ ಪರೀಕ್ಷೆಯ ದಿನ ಹಳೇ ಪುಸ್ತಕ ತರಲು ಎಲ್ಲರಿಗೂ ಹೇಳಿಸು. ರಜೆ ಶುರುವಾದ ಮೇಲೆ ಆ ಪುಸ್ತಕಗಳು ಮತ್ತೆ ಸಿಗುವುದಿಲ್ಲ.