ಕಾಲೇಜ್ ಫುಟ್‌ಬಾಲ್: ವ್ಯೂಹ ಮೊದಲೋ, ಇರುವ ಆಟಗಾರರು ಮೊದಲೋ?

ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹೊಸದಾಗಿ ಬಂದ ಡಿಫೆನ್ಸಿವ್ ಕೋಆರ್ಡಿನೇಟರ್ (ರಕ್ಷಣೆಯ ಹೊಣೆ ಹೊತ್ತ ತರಬೇತುದಾರ) ತಾನು ಬಲ್ಲ 3-4 ವ್ಯೂಹವನ್ನೇ (ಮುಂದಿನ ಸಾಲಿನಲ್ಲಿ ಮೂವರು, ಅವರ ಹಿಂದೆ ನಾಲ್ವರು ಲೈನ್‌ಬ್ಯಾಕರ್‌ಗಳು) ತಂಡದ ಮೇಲೆ ಹೇರಬೇಕೇ, ಇಲ್ಲವೇ ಹಿಂದಿನವರು 4-3ಕ್ಕೆಂದು (ಮುಂದೆ ನಾಲ್ವರು, ಹಿಂದೆ ಮೂವರು) ಆರಿಸಿ ತಂದಿದ್ದ ಹುಡುಗರಿಗೆ ತಕ್ಕಂತೆ ತಾನೇ ಬದಲಾಗಬೇಕೇ ಎಂದು ಕೇಳಿದ್ದೀರಿ. ಅಮೆರಿಕದ ಕಾಲೇಜ್ ಫುಟ್‌ಬಾಲನ್ನು ಬಹುಕಾಲದಿಂದ ನೋಡುತ್ತ ಬಂದಿರುವ ನನ್ನ ಅಭಿಪ್ರಾಯದಲ್ಲಿ ಬದಲಾಗಬೇಕಾದವರು ತರಬೇತುದಾರರೇ. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಇಲ್ಲಿ ಅರ್ಧ ಉತ್ತರವಷ್ಟೇ. ಹಾಸಿಗೆ ಯಾವ ಕಡೆ ಗಿಡ್ಡವಾಗಿದೆ ಎಂಬುದನ್ನು ಅವರು ಮೊದಲು ಕಂಡುಕೊಳ್ಳಬೇಕು.

3-4ರ ಮುಂದಿನ ಸಾಲಿನಲ್ಲಿ ಮೂವರೇ ಇರುವುದರಿಂದ, ನಡುವಿನ ನೋಸ್ ಟ್ಯಾಕಲ್ ಅನೇಕ ಸಲ ಇಬ್ಬರು ಎದುರಾಳಿಗಳ ಭಾರವನ್ನು ಒಬ್ಬನೇ ತಡೆದು ನಿಲ್ಲಬೇಕಾಗುತ್ತದೆ. 140 ಕಿಲೋ ತೂಗಿಯೂ ಕಾಲು ಚುರುಕಾಗಿರುವ ಹದಿನೆಂಟರ ಹುಡುಗರು ತೀರ ವಿರಳ, ಅಂಥವರಲ್ಲಿ ಹೆಚ್ಚಿನವರು ಅಲಬಾಮಾ, ಜಾರ್ಜಿಯಾದಂಥ ಬಲಿಷ್ಠ ತಂಡಗಳ ಕಡೆಗೆ ಹೋಗುತ್ತಾರೆ. ಉಳಿದ ಕಾಲೇಜುಗಳಿಗೆ ಸಿಗುವವರು ಲೈನ್‌ಬ್ಯಾಕರ್ ಆಗಲು ಮೈಕಟ್ಟು ಸಾಲದ, ಆದರೆ ಚೆನ್ನಾಗಿ ಓಡಬಲ್ಲ ಹುಡುಗರು. ಟಿಸಿಯು (ಟೆಕ್ಸಾಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) ತಂಡದ ತರಬೇತುದಾರರಾಗಿದ್ದ ಗ್ಯಾರಿ ಪ್ಯಾಟರ್ಸನ್ ಇಂಥವರನ್ನೇ ನಂಬಿ 4-2-5 ವ್ಯೂಹವನ್ನು (ಮುಂದೆ ನಾಲ್ವರು, ನಡುವೆ ಇಬ್ಬರು, ಹಿಂದೆ ಐವರು) ಬೆಳೆಸಿದರು. ಸೇಫ್ಟಿಗಳನ್ನು (ತೀರ ಹಿಂದೆ ನಿಲ್ಲುವ ರಕ್ಷಕರು) ಲೈನ್‌ಬ್ಯಾಕರ್‌ಗಳನ್ನಾಗಿಯೂ ಲೈನ್‌ಬ್ಯಾಕರ್‌ಗಳನ್ನು ಡಿಫೆನ್ಸಿವ್ ಎಂಡ್‌ಗಳನ್ನಾಗಿಯೂ (ಮುಂದಿನ ಸಾಲಿನ ತುದಿಯವರು) ಮಾಡಿದರು. ಹೈಸ್ಕೂಲಿನಲ್ಲಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಆಗಿದ್ದ ಜೆರ್ರಿ ಹ್ಯೂಸ್ ಅಲ್ಲಿ ಎಂಡ್ ಆಗಿ ಪಳಗಿ 2009ರಲ್ಲಿ ಟೆಡ್ ಹೆಂಡ್ರಿಕ್ಸ್ ಪ್ರಶಸ್ತಿ ಪಡೆದರು. ಮರುವರ್ಷ ಸೋಲನ್ನೇ ಕಾಣದ ಆ ತಂಡ, 2011ರ ಜನವರಿ 1ರಂದು ರೋಸ್ ಬೌಲ್ ಪಂದ್ಯದಲ್ಲಿ ತನಗಿಂತ ದಢೂತಿ ಆಟಗಾರರಿದ್ದ ವಿಸ್ಕಾನ್ಸಿನ್ ತಂಡವನ್ನು 21-19ರಿಂದ ಸೋಲಿಸಿತು.

ನನಗೆ ಇದಕ್ಕಿಂತ ಮೆಚ್ಚುಗೆಯಾದದ್ದು 2017ರ ಐಯೋವಾ ಸ್ಟೇಟ್ ತಂಡ. ಅದು ಆಡುವ ಬಿಗ್ 12 ಕೂಟದ ಎದುರಾಳಿಗಳು ಮೈದಾನದ ಅಗಲಕ್ಕೂ ಹರಡಿ ನಿಂತು ಪಾಸ್ ಮೇಲೆ ಪಾಸ್ ಎಸೆಯುವವರು. ಅವರ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಬೆನ್ನಟ್ಟಿ ಕೆಡವಬಲ್ಲ ನಾಲ್ವರನ್ನು ಹುಡುಕಿ ತರುವುದು ಆ ಕಾಲೇಜಿಗೆ ಸುಲಭವಲ್ಲ. ಕೋಆರ್ಡಿನೇಟರ್ ಜಾನ್ ಹೀಕಾಕ್ ಮುಂದೆ ಮೂವರನ್ನಷ್ಟೇ ಇಟ್ಟು ಹಿಂದೆ ಮೂವರು ಸೇಫ್ಟಿಗಳನ್ನು ನಿಲ್ಲಿಸಿದರು. ಮುಂದಿನ ಮೂವರು ಒಳಗಿನ ಕಿಂಡಿಗಳನ್ನು ಮುಚ್ಚಿದರೆ ಚೆಂಡು ಹಿಡಿದವನು ಹೊರಕ್ಕೆ ತಿರುಗಲೇಬೇಕು. ಆಳದಲ್ಲಿ ನಿಂತು ಕಾಯುತ್ತಿದ್ದ ನಡುವಿನ ಸೇಫ್ಟಿ ಅಷ್ಟರಲ್ಲಿ ಅದು ಓಟವೆಂದು ಗುರುತಿಸಿ ಮುಂದಕ್ಕೆ ಧಾವಿಸುತ್ತಾನೆ. ಪಾಸ್ ಆದರೆ ಎಂಟು ಜನ ಹಿಂದೆ ಸರಿದು, ಚಿಕ್ಕ ಪಾಸುಗಳನ್ನು ಬಿಟ್ಟುಕೊಟ್ಟು ದೊಡ್ಡದನ್ನು ತಡೆಯುತ್ತಾರೆ. ಹಿಂದಿನ ವರ್ಷದವರೆಗೆ ಕ್ವಾರ್ಟರ್‌ಬ್ಯಾಕ್ ಆಗಿದ್ದ ಜೋಯೆಲ್ ಲ್ಯಾನಿಂಗ್ ಆ ವ್ಯೂಹದ ನಡುವಿನ ಲೈನ್‌ಬ್ಯಾಕರ್. ಅಕ್ಟೋಬರ್ 7ರಂದು, ದೇಶದಲ್ಲಿ ಮೂರನೆಯ ಸ್ಥಾನದಲ್ಲಿದ್ದ ಒಕ್ಲಹೋಮಾವನ್ನು ಅದರ ಮೈದಾನದಲ್ಲೇ 38-31ರಿಂದ ಮಣಿಸಿದಾಗ ಲ್ಯಾನಿಂಗ್ ಎರಡೂ ಸ್ಥಾನಗಳಲ್ಲಿ ಆಡಿದರು. 31 ಅಂಕ ಕೊಟ್ಟದ್ದನ್ನು ರಕ್ಷಣೆ ಎನ್ನಬಹುದೇ ಎಂದು ನೀವು ನಗಬಹುದು. ಒಕ್ಲಹೋಮಾದ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್ ಎದುರಿಗಿದ್ದ ಆ ಋತುವಿನಲ್ಲಿ ಅದು ಸಾಧನೆಯೇ.

ಇದಕ್ಕೆ ತೆರುವ ಬೆಲೆಯೂ ಇದೆ. ಮೂವರೇ ನುಗ್ಗುವುದರಿಂದ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗೆ ಯೋಚಿಸಲು ಸಮಯ ಸಿಗುತ್ತದೆ, ದಪ್ಪ ಲೈನ್ ಇಟ್ಟುಕೊಂಡು ನಡುವಿನಲ್ಲೇ ನುಗ್ಗುವ ತಂಡ ಹಗುರ ಆಟಗಾರರನ್ನು ಕೊನೆಯ ಕ್ವಾರ್ಟರ್ ಹೊತ್ತಿಗೆ ಸುಸ್ತು ಮಾಡುತ್ತದೆ.

ಋತುವಿನಲ್ಲಿ ಅಭ್ಯಾಸಕ್ಕೆ ಕಾಲೇಜ್ ಕ್ರೀಡೆಗಳ ನಿಯಂತ್ರಕ ಸಂಸ್ಥೆಯಾದ ಎನ್‌ಸಿಎಎ ಕೊಡುವುದು ವಾರಕ್ಕೆ 20 ಗಂಟೆ, ಅದರಲ್ಲೇ ವಿಡಿಯೋ ನೋಡುವುದೂ ಸೇರಿದೆ. ಆದ್ದರಿಂದ ಮೊದಲ ವರ್ಷ ಹುಡುಗರಿಗೆ ಬಾಯಿಪಾಠವಾಗಿರುವ ಸಂಕೇತಗಳನ್ನು ಹಾಗೆಯೇ ಉಳಿಸಿಕೊಂಡು, ಒಬ್ಬಿಬ್ಬರ ಸ್ಥಾನವನ್ನಷ್ಟೇ ಬದಲಿಸುವವರು ನನ್ನ ದೃಷ್ಟಿಯಲ್ಲಿ ಜಾಣರು. ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಿಸಲು 2021ರಲ್ಲಿ ಅನುಮತಿ ಸಿಕ್ಕ ಮೇಲೆ, ಬೇಕಾದ ನೋಸ್ ಟ್ಯಾಕಲ್‌ನನ್ನು ಬೇರೆಡೆಯಿಂದ ಕರೆತರಬಹುದು ನಿಜ. ಆದರೆ ಹೊಸ ವ್ಯೂಹದಲ್ಲಿ ತನಗೆ ಜಾಗವಿಲ್ಲವೆಂದು ಅರಿತ ನಿಮ್ಮ ಒಳ್ಳೆಯ ಎಂಡ್ ಕೂಡ ಅದೇ ಬಾಗಿಲಿನಿಂದ ಹೊರಟುಹೋಗಬಹುದು.