ಹುಲಿಗೆ ತೂಕವೇ ಇರಲಿಲ್ಲ

ಪ್ರಿಯ ಓದುಗರೇ,

ಡೊಂಬಿವಲಿಯಿಂದ ನೀವು ಬರೆದ ಪತ್ರ ಕೈಸೇರಿತು. ಮೊಮ್ಮಗನ ಜೊತೆ ಸಿನಿಮಾಕ್ಕೆ ಹೋಗಿ ತಲೆನೋವು ತಂದುಕೊಂಡಿರಿ. ‘ಹುಲಿ ಮೈಮೇಲೆ ಹಾರಿದರೂ ಹುಡುಗ ಪಾಪ್‌ಕಾರ್ನ್ ತಿನ್ನುತ್ತಿದ್ದ. ಕಂಪ್ಯೂಟರ್ ಬಂದು ಸಿನಿಮಾ ಕೆಟ್ಟಿತು. ಗ್ರಾಫಿಕ್ಸ್ ಇಲ್ಲದ ಆ ಹಳ್ಳಿ ಹಾಡೊಂದೇ ಚೆನ್ನಾಗಿತ್ತು’ ಎಂದಿದ್ದೀರಿ. ತಲೆನೋವಿನ ಮಟ್ಟಿಗೆ ನಾನು ನಿಮ್ಮ ಕಡೆ. ಕಂಪ್ಯೂಟರನ್ನು ಬೈಯೋದಕ್ಕೆ ಸ್ವಲ್ಪ ತಕರಾರಿದೆ.

ಕಣ್ಕಟ್ಟು ಇವತ್ತಿನದಲ್ಲ. ಪುಣೆಯ ಪ್ರಭಾತ್ ಕಂಪನಿ 1936ರಲ್ಲೇ ‘ಸಂತ ತುಕಾರಾಮ್’ ಚಿತ್ರದಲ್ಲಿ ತುಕಾರಾಮರನ್ನು ವೈಕುಂಠಕ್ಕೆ ಹಾರಿಸಿತ್ತು. ಈಗ ನೋಡಿದರೆ ಟ್ರಿಕ್ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ. ಆದರೂ ಗಂಟಲು ಕಟ್ಟುತ್ತದೆ. ಅಷ್ಟು ಹೊತ್ತಿಗೆ ಆ ಮನೆಯ ಬಡತನ, ಹೆಂಡತಿಯ ಬೈಗುಳ ಎಲ್ಲ ನಮ್ಮದೇ ಆಗಿರುತ್ತದೆ, ಅಲ್ವಾ?

ನಿಮ್ಮ ಹುಲಿಯ ಕಥೆ ಬೇರೆ. ನಮ್ಮ ಕಟ್ಟಡದ ಹುಡುಗನೊಬ್ಬ ಅಂಧೇರಿಯ ಸ್ಟುಡಿಯೋದಲ್ಲಿ ‘ರೋಟೋ’ ಕೆಲಸ ಮಾಡುತ್ತಾನೆ. ಅಂದರೆ ಚಿತ್ರದಲ್ಲಿರುವವರ ಅಂಚಿಗೆ ಗೆರೆ ಎಳೆದು ಹಿನ್ನೆಲೆಯಿಂದ ಬಿಡಿಸುವುದು. ಒಂದು ಸೆಕೆಂಡಿಗೆ 24 ಫ್ರೇಮು, ಅಂದರೆ 24 ಬಿಡಿ ಚಿತ್ರ. ನಾಯಕಿಯ ಕೂದಲು ಗಾಳಿಗೆ ಹಾರಿತೋ, ಇವನ ರಾತ್ರಿ ನಿದ್ದೆಯೂ ಹಾರಿತು. ಅವನು ಹೇಳೋದು: ಶೂಟಿಂಗ್ ದಿನ ಹುಲಿ ಎಲ್ಲಿಂದ ಬರುತ್ತದೆ, ಬಿಸಿಲು ಯಾವ ಕಡೆ, ಯಾರೂ ತೀರ್ಮಾನಿಸಿರುವುದಿಲ್ಲ. ‘ಪೋಸ್ಟ್‌ನಲ್ಲಿ ನೋಡ್ಕೊಳ್ಳೋಣ’ ಅಂತಾರೆ, ಅಂದರೆ ಶೂಟಿಂಗ್ ಮುಗಿದ ಮೇಲಿನ ಕೆಲಸದಲ್ಲಿ. ನಾಯಕ ಹುಲಿಯ ಬದಲು ಕೋಲಿಗೆ ಸಿಕ್ಕಿಸಿದ ಚೆಂಡು ನೋಡಿ ಬೆಚ್ಚಿಬೀಳುತ್ತಾನೆ. ಬಿಡುಗಡೆ ದಿನಾಂಕ ಮಾತ್ರ ಮೊದಲೇ ಪೋಸ್ಟರ್ ಮೇಲೆ! ಆಮೇಲೆ ಅವಸರದಲ್ಲಿ ಕೂರಿಸಿದ ಹುಲಿಯ ನೆರಳು ಒಂದು ಕಡೆ, ನಾಯಕನ ನೆರಳು ಇನ್ನೊಂದು ಕಡೆ. ಪಂಜದ ಕೆಳಗೆ ಹುಲ್ಲು ಬಾಗುವುದಿಲ್ಲ. ತೂಕವೇ ಇಲ್ಲದ ಹುಲಿಗೆ ಯಾರು ಹೆದರುತ್ತಾರೆ?

1993ರ ‘ಜುರಾಸಿಕ್ ಪಾರ್ಕ್’ ನೋಡಿ ನಾವೆಲ್ಲ ಸೀಟಿನ ತುದಿಗೆ ಬಂದಿದ್ದೆವು. ಅದರಲ್ಲಿ ಕಂಪ್ಯೂಟರಿನ ಡೈನೋಸಾರ್ ಇರುವುದು ಸುಮಾರು ಆರು ನಿಮಿಷ, ಅಷ್ಟೇ. ಉಳಿದದ್ದು ಮಳೆಯಲ್ಲಿ ನಿಜಕ್ಕೂ ನೆನೆಯುವ ದೊಡ್ಡ ಬೊಂಬೆಗಳು. ಗ್ರಾಫಿಕ್ಸ್ ಅಂದರೆ ಅಡುಗೆಗೆ ಉಪ್ಪಿದ್ದ ಹಾಗೆ. ಈಗಿನವರಿಗೆ ಉಪ್ಪು ಅಗ್ಗವಾಗಿದೆ, ಸುಮ್ನೆ ಸುರಿಯುತ್ತಾರೆ.

ಅಂದಹಾಗೆ, ನಿಮ್ಮ ಪತ್ರವನ್ನು ಆ ಹುಡುಗನಿಗೆ ತೋರಿಸಿದೆ. ಹಳ್ಳಿ ಹಾಡಿನ ಸಾಲು ಓದಿ ನಕ್ಕ.

‘ಅಂಕಲ್, ಆ ಗುಡ್ಡದ ಮೇಲಿದ್ದ ಮೊಬೈಲ್ ಟವರ್ ಅಳಿಸಿದ್ದು ನಾನೇ.’

– ಸಂಪಾದಕ