ಎಲಿಪ್ಟಿಕ್ ಕರ್ವ್ ಸಹಿ ಬಳಸಿದರೆ ಪೇಟೆಂಟ್ ಹಣ ಕಟ್ಟಬೇಕಾ?

ಗಂಗಾವತಿಯ ರೈಸ್ ಮಿಲ್‌ಗಳಿಗೆ ವೇಬ್ರಿಜ್ ಸಾಫ್ಟ್‌ವೇರ್ ಮಾಡುತ್ತಿದ್ದೀರಿ, ತೂಕದ ಚೀಟಿಯ ಕ್ಯೂಆರ್ ಕೋಡ್‌ನಲ್ಲಿ ಎಲಿಪ್ಟಿಕ್ ಕರ್ವ್ ಸಹಿ (ಚೀಟಿ ಅಸಲಿ ಎಂದು ತೋರಿಸಲು ಒಂದು ಬಗೆಯ ವಕ್ರರೇಖೆಯ ಗಣಿತದಿಂದ ಮಾಡುವ ಡಿಜಿಟಲ್ ಸಹಿ) ಹಾಕಬೇಕು ಅಂತಿದ್ದೀರಿ, ‘ಅದು ಪೇಟೆಂಟ್ ಆಗಿದೆ, ರಾಯಲ್ಟಿ ಕೇಳ್ತಾರೆ’ ಅಂತ ಯಾರೋ ಹೆದರಿಸಿದ್ದಾರೆ. ಹೆದರಬೇಡಿ, ಹಾಕಿ. ನಾನೂ ರಾಯಚೂರಿನಲ್ಲಿ ಇದೇ ಕೆಲಸ ಮಾಡುವವನು, ಈ ಭಯ ನನಗೆ ಗೊತ್ತು.

2012ರಲ್ಲಿ ರಾಜೇಂದ್ರ ಗಂಜ್‌ನ ಒಂದು ಅಡತಿ ಅಂಗಡಿಗೆ ಬಿಲ್ಲಿಂಗ್ ಮಾಡುತ್ತಿದ್ದೆ. ಓಪನ್‌ಎಸ್‌ಎಸ್‌ಎಲ್ ಎಂಬ ಗುಪ್ತಲಿಪಿ ಸಾಫ್ಟ್‌ವೇರ್‌ಗೆ ಕರ್ವ್ ಕೀ (ಸಹಿ ಹಾಕಲು ಬೇಕಾದ ಗುಟ್ಟಿನ ಸಂಖ್ಯೆ) ಕೇಳಿದರೆ ಅಂಥ ಕಮಾಂಡೇ ಇಲ್ಲ ಎಂದಿತು. ಮೂರು ಸಲ ಇನ್‌ಸ್ಟಾಲ್ ಮಾಡಿದೆ. ಪೇಟೆಂಟ್‌ಗೆ ಅಂಜಿ ನಾನು ಬಳಸುತ್ತಿದ್ದ ಲಿನಕ್ಸ್‌ನವರು ಆ ಭಾಗವನ್ನೇ ಕಿತ್ತು ಕೊಟ್ಟಿದ್ದರು ಅಂತ ಆಮೇಲೆ ತಿಳಿಯಿತು. ಕೊನೆಗೆ 3072 ಬಿಟ್ ಆರ್‌ಎಸ್‌ಎ ಎಂಬ ಹಳೆಯ ಬಗೆಯ ಸಹಿ ಹಾಕಿದೆ. ಸಹಿಯೇ 384 ಬೈಟ್! ಕ್ಯೂಆರ್ ಚೌಕ ಇರುವೆ ಮುತ್ತಿದ ಹಾಗೆ ಕಾಣುತ್ತಿತ್ತು, ಚೀಟಿ ಮೇಲೆ ಸ್ವಲ್ಪ ಧೂಳು ಕೂತರೂ ಸ್ಕ್ಯಾನ್ ಆಗುತ್ತಿರಲಿಲ್ಲ. ಹೆಚ್ಚುಕಡಿಮೆ ಅಷ್ಟೇ ಭದ್ರತೆ ಕೊಡುವ 256 ಬಿಟ್ ಕರ್ವ್ ಸಹಿಗೆ 64 ಬೈಟ್ ಸಾಕು.

ಈ ಗಣಿತವನ್ನು ಗುಪ್ತಲಿಪಿಗೆ ಬಳಸಬಹುದು ಎಂದು 1985ರಲ್ಲಿ ನೀಲ್ ಕೋಬ್ಲಿಟ್ಸ್ ಮತ್ತು ವಿಕ್ಟರ್ ಮಿಲ್ಲರ್ ಬೇರೆಬೇರೆಯಾಗಿ ಹೇಳಿದರು, ಇಬ್ಬರೂ ಪೇಟೆಂಟ್ ಮಾಡಿಸಲಿಲ್ಲ. ಪೇಟೆಂಟ್ ಬಿದ್ದದ್ದು ಅದರ ಸುತ್ತಲಿನ ಉಪಾಯಗಳಿಗೆ, ಬಹಳಷ್ಟು ಕೆನಡಾದ ಸರ್ಟಿಕಾಮ್ ಕಂಪನಿಯ ಕೈಯಲ್ಲಿ. 2003ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಸರ್ಟಿಕಾಮ್‌ನ 26 ಪೇಟೆಂಟ್‌ಗಳ ಲೈಸೆನ್ಸ್‌ಗೆ 2.5 ಕೋಟಿ ಡಾಲರ್ ಕೊಟ್ಟಿತು, 2007ರಲ್ಲಿ ಸರ್ಟಿಕಾಮ್ ಸೋನಿ ಮೇಲೆ ದಾವೆ ಹೂಡಿತು. ಭಯ ಹಬ್ಬಿದ್ದು ಹಾಗೆ.

ಹಾಗೆ ಪೇಟೆಂಟ್ ಆದ ಒಂದು ಉಪಾಯ ನೋಡಿ. ಕರ್ವ್ ಮೇಲಿನ ಬಿಂದುವಿಗೆ ಎಕ್ಸ್, ವೈ ಎರಡು ಸಂಖ್ಯೆ. ಎಕ್ಸ್ ಗೊತ್ತಿದ್ದರೆ ವೈಗೆ ಎರಡೇ ಸಾಧ್ಯತೆ. ಯಾವುದು ಎನ್ನಲು ಒಂದು ಬಿಟ್ ಸಾಕು. ಪಬ್ಲಿಕ್ ಕೀ (ಸಹಿ ಪರೀಕ್ಷಿಸಲು ಎಲ್ಲರಿಗೂ ಕೊಡುವ ಕೀ) ಅಂದರೆ ಇಂಥ ಒಂದು ಬಿಂದುವೇ, 65 ಬೈಟ್‌ನದು 33ಕ್ಕೆ ಇಳಿಯುತ್ತದೆ. ಇಷ್ಟಕ್ಕೂ ಪೇಟೆಂಟ್ ಇತ್ತು! 1994ರ ಅರ್ಜಿಯಿಂದ ಹುಟ್ಟಿದ ಆ ಅಮೆರಿಕನ್ ಪೇಟೆಂಟ್ 2014ಕ್ಕೆ ಮುಗಿಯಿತು.

2011ರ ಆರ್‌ಎಫ್‌ಸಿ 6090 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ಓದಿ. 1994ರೊಳಗೆ ಪ್ರಕಟವಾದ ಬರಹಗಳನ್ನಷ್ಟೇ ಆಧರಿಸಿ ಕರ್ವ್‌ನ ಮೂಲ ವಿಧಾನಗಳನ್ನು ವಿವರಿಸಿದ್ದಾರೆ, ಅಷ್ಟು ಹಳೆಯದಕ್ಕೆ ಇವತ್ತು ಪೇಟೆಂಟ್ ಕಾಟವಿಲ್ಲ, ನಮ್ಮಂಥವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ನಮ್ಮ ಪೇಟೆಂಟ್ ಕಾಯ್ದೆಯ ಕಲಂ 3(ಕೆ) ಪ್ರಕಾರ ಗಣಿತ ವಿಧಾನಕ್ಕೂ ಆಲ್ಗಾರಿದಮ್‌ಗೂ ಪೇಟೆಂಟ್ ಸಿಗುವುದಿಲ್ಲ. ಅಮೆರಿಕದ ಪೇಟೆಂಟ್ ಗಂಗಾವತಿಯಲ್ಲಿ ನಡೆಯುವುದೂ ಇಲ್ಲ.

ಹೊಸ ಉಪಾಯಗಳಿಗೆ ಹೊಸ ಪೇಟೆಂಟ್ ಇರಬಹುದು. ಅದಕ್ಕೇ ಸ್ವಂತ ಚಮತ್ಕಾರ ಬೇಡ, ಸಿದ್ಧ ಕೋಡ್ ಲೈಬ್ರರಿಯ ಸಾದಾ ಪಿ-256 ಇಸಿಡಿಎಸ್‌ಎ (ಮೇಲೆ ಹೇಳಿದ 256 ಬಿಟ್ ಕರ್ವ್ ಸಹಿ) ಹಾಕಿ. ಮತ್ತೆ ಯಾರಾದರೂ ಹೆದರಿಸಿದರೆ ಪೇಟೆಂಟ್ ನಂಬರ್ ಕೇಳಿ, ಯಾವ ದೇಶದ್ದು, ಅರ್ಜಿ ಯಾವ ವರ್ಷದ್ದು ನೋಡಿ, 20 ವರ್ಷ ಕೂಡಿಸಿ.